ಅಂಗಡಿ ಜಗಲಿ ಮೇಲೆ ಮಲಗುವವರಿಗೆ ನಾವೇನು ಮಾಡಬಹುದು?

ರಾತ್ರಿ ಶಟರ್ ಎಳೆದ ಮೇಲೆ ಯಾರೂ ಮಲಗದಿರಲಿ ಅಂತ ಕೆಲವರು ಜಗಲಿಗೆ ನೀರು ಸುರಿದು ಹೋಗ್ತಾರೆ. ಮಲಗಲು ಬಂದವರು ಪಕ್ಕದ ಅಂಗಡಿಗೋ ಬಸ್ ಸ್ಟ್ಯಾಂಡಿಗೋ ಹೋಗ್ತಾರೆ ಅಷ್ಟೇ, ಮನೆಗಲ್ಲ. ಅದರ ಬದಲು ಹೀಗೆ ಮಾಡಿ.

ಮೊದಲು ಮಾತಾಡಿಸಿ. ಊಟ ಆಯ್ತಾ, ಯಾವ ಊರು, ಮನೆಯವರಿದ್ದಾರಾ ಅಂತ ಕೇಳಿ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ.

ಆಮೇಲೆ ಫೋನ್ ಮಾಡಿ:

- 60 ದಾಟಿದವರಿಗೆ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.
- ಮಕ್ಕಳಿಗೆ 1098.
- ಗಾಯವೋ ಜೋರು ಜ್ವರವೋ ಇದ್ದರೆ 108.
- ಮಾನಸಿಕ ಕಾಯಿಲೆಯಿಂದ ಅಲೆಯುತ್ತಿದ್ದಾರೆ ಅನ್ನಿಸಿದರೆ 112. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಪೊಲೀಸರು ಇಂಥವರನ್ನು ರಕ್ಷಿಸಿ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಫೋನ್ ಮಾಡಿದ ಮೇಲೆ ಗಾಡಿ ಬರುವವರೆಗೆ ಒಬ್ಬರಾದರೂ ಜೊತೆಗಿರಿ. ಇಲ್ಲದಿದ್ದರೆ ಹೆದರಿ ಎದ್ದು ಹೋಗಿಬಿಡ್ತಾರೆ.

ಇನ್ನೊಂದು ಮಾತು. ಆಸ್ತಿ ತೆರಿಗೆ ಜೊತೆ ನಾವು ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತೇವೆ. ಅದು ಇರುವುದೇ ನಿರಾಶ್ರಿತರ ಪರಿಹಾರ ಕೇಂದ್ರಗಳಿಗಾಗಿ. ಹತ್ತಿರದ ಕೇಂದ್ರ ಎಲ್ಲಿದೆ, ಅಲ್ಲಿಗೆ ಕಳಿಸಲು ಯಾರನ್ನು ಕೇಳಬೇಕು ಅಂತ ಪುರಸಭೆಯಲ್ಲಿ ವಿಚಾರಿಸಿ. ತೆರಿಗೆ ಕಟ್ಟುವವರು ಕೇಳಿದರೆ ತಪ್ಪೇನಿಲ್ಲ.