ನೀಲಿ ಡ್ರಮ್ ಯಾಕೆ ಡೀಸೆಲ್ ಟ್ಯಾಂಕ್ ಆಗಲ್ಲ?

ಅಂಕೋಲಾದಿಂದ ಕಾರವಾರದ ಕಡೆ ಹೋಗುವಾಗ ಹೈವೇ 66ರಿಂದ ಎಡಕ್ಕೆ, ಸಮುದ್ರದ ಕಡೆ ತಿರುಗಿದ್ರೆ ಬೇಲೆಕೇರಿ. ಹೆಸರು ಕೇಳಿದ ತಕ್ಷಣ ಎಲ್ಲರಿಗೂ ನೆನಪಾಗೋದು 2010ರ ಅದಿರು ಪ್ರಕರಣ. ಆಗ ನಾವಿನ್ನೂ ಪುಟ್ಟ ಮಕ್ಕಳು. ಬಳ್ಳಾರಿ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಲಾರಿಗಳು ಈ ಬಂದರಿಗೆ ಬರ್ತಿದ್ದವು. ಅದೇ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವುದು ಮೀನಿನ ಟೆಂಪೋಗಳು. ಈ ಲೇಖನ ಇರೋದು ಅವುಗಳ ಡೀಸೆಲ್ ಟ್ಯಾಂಕ್ ಬಗ್ಗೆ.

ನಮ್ಮ ಕ್ಲಾಸಿನ ಒಬ್ಬನ ಮಾವ ಅಲ್ಲಿ ಮೀನು ಸಾಗಿಸುವ ಪಿಕಪ್ ಓಡಿಸ್ತಾರೆ. ಟ್ಯಾಂಕಿಗೆ ತುಕ್ಕು ಹಿಡಿದು ಬುಡದಲ್ಲಿ ಡೀಸೆಲ್ ಜಿನುಗಲು ಶುರುವಾಗಿದೆ. ಅವರ ಪ್ರಶ್ನೆ ಸೀದಾ ಇತ್ತು: "ಬಂದರಲ್ಲಿ ಅಷ್ಟು ನೀಲಿ ಡ್ರಮ್ ಬಿದ್ದಿರ್ತದೆ, ಅದರಲ್ಲೇ ಡೀಸೆಲ್ ತುಂಬಿ ಇಡ್ತಾರೆ, ತುಕ್ಕೂ ಹಿಡಿಯೋದಿಲ್ಲ. ಅದನ್ನೇ ಕಟ್ಟಿದ್ರೆ ಏನಾಗ್ತದೆ?" ಮೆಕ್ಯಾನಿಕಲ್ ಓದುವ ನಾವು ನಾಲ್ಕು ಜನ ಒಂದು ಸಂಜೆ ಪೂರ್ತಿ ಇದರ ಮೇಲೆ ಕೂತೆವು. ಯಾಕಂದ್ರೆ ಆ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಆ ಡ್ರಮ್ ಮಾಡಿರೋದೂ ಎಚ್‌ಡಿಪಿಇಯಿಂದ, ಕಂಪನಿಯವರು ಮಾಡುವ ಪ್ಲಾಸ್ಟಿಕ್ ಟ್ಯಾಂಕೂ ಎಚ್‌ಡಿಪಿಇಯಿಂದಲೇ!

ಮೊದಲು ಕಬ್ಬಿಣದ ಕಥೆ. ಸ್ಟೀಲ್ ಟ್ಯಾಂಕನ್ನು ಎರಡು ಅರ್ಧ ಒತ್ತಿ ಅಂಚಿನಲ್ಲಿ ವೆಲ್ಡ್ ಮಾಡಿರ್ತಾರೆ. ಅದು ಎರಡು ಕಡೆಯಿಂದ ಸಾಯುತ್ತೆ. ಹೊರಗಿನಿಂದ ಉಪ್ಪುಗಾಳಿ ಇದ್ದದ್ದೇ, ಮೀನಿನ ಗಾಡಿಗೆ ಅದಕ್ಕಿಂತ ದೊಡ್ಡ ಶತ್ರು ಬೇರೆ ಇದೆ. ಮೀನಿನ ಮೇಲಿನ ಐಸ್ ಕರಗಿ ಉಪ್ಪುನೀರು ದಾರಿಯುದ್ದಕ್ಕೂ ಚಾಸಿಸ್ ಮೇಲೆ ತೊಟ್ಟಿಕ್ಕುತ್ತೆ. ಟ್ಯಾಂಕನ್ನು ಬಿಗಿದ ಪಟ್ಟಿಯ ಕೆಳಗಿನ ರಬ್ಬರ್ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ಅಲ್ಲಿ ಒಣಗೋದೇ ಇಲ್ಲ. ಹೊರಗಿನಿಂದ ಟ್ಯಾಂಕ್ ಚೆನ್ನಾಗೇ ಕಾಣುತ್ತೆ, ಪಟ್ಟಿ ಬಿಚ್ಚಿದರೆ ತೂತು.

ಒಳಗಿನಿಂದ ತುಕ್ಕು ತರೋದು ಗಾಳಿ. ಡೀಸೆಲ್ ಖರ್ಚಾದಂತೆ ಟ್ಯಾಂಕ್ ಹೊರಗಿನ ಗಾಳಿ ಎಳೆದುಕೊಳ್ಳುತ್ತೆ. ಕರಾವಳಿಯ ಗಾಳಿ ಅಂದ್ರೆ ಅರ್ಧ ನೀರು ಅಂತ ನಮ್ಮ ಹಾಸ್ಟೆಲ್‌ನ ಒಣಗದ ಬಟ್ಟೆ ನೋಡಿದವರಿಗೆ ಹೇಳಬೇಕಿಲ್ಲ. ರಾತ್ರಿ ತಂಪಾದಾಗ ಆ ತೇವ ಟ್ಯಾಂಕಿನ ಗೋಡೆ ಮೇಲೆ ಹನಿಯಾಗುತ್ತೆ. ಡೀಸೆಲ್ ಲೀಟರಿಗೆ ಸುಮಾರು 0.83 ಕೆಜಿ, ನೀರು 1 ಕೆಜಿ. ಹಾಗಾಗಿ ನೀರು ತಳ ಸೇರುತ್ತೆ, ಅಲ್ಲಿಂದ ತುಕ್ಕು. ಆ ತುಕ್ಕಿನ ಪುಡಿ ಫಿಲ್ಟರ್ ಕಟ್ಟುತ್ತೆ. ಸ್ವಲ್ಪ ದಾಟಿ ಹೋದರೂ ಸಾವಿರ ಬಾರ್‌ಗಿಂತ ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುವ ಕಾಮನ್ ರೇಲ್ ಇಂಜೆಕ್ಟರ್‌ಗಳ ಗತಿ ಮುಗೀತು. ಟ್ಯಾಂಕಿನ ಖರ್ಚಿಗಿಂತ ಅದರ ಖರ್ಚು ದೊಡ್ಡದು.

ಹಾಗಾದ್ರೆ ಪ್ಲಾಸ್ಟಿಕ್ ಒಳ್ಳೇದೇ. ತುಕ್ಕಿಲ್ಲ, ಹಗುರ, ಒಂದೇ ಅಚ್ಚಿನಲ್ಲಿ ಊದಿ ಮಾಡುವುದರಿಂದ ಸುತ್ತಲೂ ವೆಲ್ಡ್ ಅಂಚಿಲ್ಲ. ಪೆಟ್ರೋಲ್ ಆದ್ರೆ ಎಚ್‌ಡಿಪಿಇ ಗೋಡೆಯ ಮೂಲಕವೇ ನಿಧಾನ ಹೊರಗೆ ಸೋರುತ್ತೆ, ಅದಕ್ಕೆ ನಡುವೆ ಬೇರೆ ಪ್ಲಾಸ್ಟಿಕ್ಕಿನ ತಡೆಪದರ ಬೇಕು. ಡೀಸೆಲ್ ಅಷ್ಟು ಆವಿಯಾಗಲ್ಲ, ಒಂದೇ ಪದರ ಸಾಕಾಗುತ್ತೆ. ಇಲ್ಲಿಯವರೆಗೆ ಮಾವನೇ ಸರಿ.

ಆದರೆ ಡ್ರಮ್ ನೆಲದ ಮೇಲೆ ಸುಮ್ಮನೆ ನಿಲ್ಲೋಕೆ ಹುಟ್ಟಿದ್ದು. ಗಾಡಿಗೆ ಕಟ್ಟಿದ ಮೇಲೆ ಅದರ ಕಥೆ ಬೇರೆ. 60 ಲೀಟರ್ ಡೀಸೆಲ್ ಅಂದ್ರೆ ಹತ್ತಿರ ಹತ್ತಿರ 50 ಕೆಜಿ. ಅರ್ಧ ತುಂಬಿದ ಡ್ರಮ್ಮಿನಲ್ಲಿ ಅರಬೈಲಿನ ಪ್ರತಿ ತಿರುವಿಗೂ ಆ ಭಾರ ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿಯುತ್ತೆ. ನಿಜವಾದ ಟ್ಯಾಂಕಿನ ಆಕಾರದಲ್ಲೇ ಈ ಹೊಡೆತ ತಡೆಯುವ ತಗ್ಗು, ಅಡ್ಡಗೋಡೆ ಇರುತ್ತೆ. ಆಮೇಲೆ ಬಿಸಿ. ಎಚ್‌ಡಿಪಿಇ ಕರಗೋದು ಸುಮಾರು 130 ಡಿಗ್ರಿಗೆ, ಮೆತ್ತಗಾಗೋದು ಅದಕ್ಕಿಂತ ಎಷ್ಟೋ ಮೊದಲು. ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಹೋಗುತ್ತೆ, ಮೇಲಿಂದ ಇಂಜಿನ್‌ನಿಂದ ವಾಪಸ್ ಬರುವ ಡೀಸೆಲ್ ಕೂಡ ಬಿಸಿ. ಕಂಪನಿಯ ಟ್ಯಾಂಕಾದ್ರೆ ನಡುವೆ ಶಾಖ ತಡೆಯುವ ತಗಡು, ದೂರ ಎಲ್ಲ ಲೆಕ್ಕ ಹಾಕಿರ್ತಾರೆ.

ನಮಗೆ ಹೊಸದಾಗಿ ಹೊಳೆದದ್ದು ಹಿಗ್ಗುವ ಲೆಕ್ಕ. 600 ಮಿಲಿಮೀಟರ್ ಉದ್ದದ ಟ್ಯಾಂಕ್ 30 ಡಿಗ್ರಿ ಬಿಸಿಯಾದ್ರೆ ಸ್ಟೀಲ್ ಹಿಗ್ಗೋದು 0.2 ಮಿಲಿಮೀಟರ್. ಎಚ್‌ಡಿಪಿಇ ಎರಡೂವರೆ ಮಿಲಿಮೀಟರ್ ಹತ್ತಿರ. ಅದರ ಮೇಲೆ ಡೀಸೆಲ್ ಹೀರಿಕೊಂಡು ಒಂಚೂರು ಉಬ್ಬುತ್ತೆ ಬೇರೆ. ಹಳೇ ಸ್ಟೀಲ್ ಟ್ಯಾಂಕಿನ ಪಟ್ಟಿಯನ್ನೇ ಹಾಕಿ ಗಟ್ಟಿಯಾಗಿ ಬಿಗಿದ್ರೆ ಪಟ್ಟಿಯ ಅಂಚೇ ಪ್ಲಾಸ್ಟಿಕ್ ಒಳಗೆ ಕೊರೆಯುತ್ತೆ. ಸಡಿಲ ಬಿಟ್ರೆ ಕುಣಿಯುತ್ತೆ. ಅದಕ್ಕೇ ಪ್ಲಾಸ್ಟಿಕ್ ಟ್ಯಾಂಕಿಗೆ ಅದರದ್ದೇ ಅಗಲವಾದ ಪಟ್ಟಿ, ಅದರದ್ದೇ ಕೂರುವ ಜಾಗ.

ಇನ್ನೊಂದು, ಪ್ಲಾಸ್ಟಿಕ್ ಕರೆಂಟ್ ಹಾಯಿಸಲ್ಲ. ಪೈಪಿನಲ್ಲಿ ಹರಿಯುವ ಡೀಸೆಲ್ ಸ್ಟ್ಯಾಟಿಕ್ ಚಾರ್ಜ್ ತರುತ್ತೆ. ಸ್ಟೀಲ್ ಟ್ಯಾಂಕ್ ಚಾಸಿಸ್‌ಗೆ ಮುಟ್ಟಿಕೊಂಡೇ ಇರೋದ್ರಿಂದ ಅದು ಇಳಿದುಹೋಗುತ್ತೆ. ಪ್ಲಾಸ್ಟಿಕ್ ಮೇಲಿನ ಲೋಹದ ಕುತ್ತಿಗೆಗೆ, ಗೇಜ್ ಪ್ಲೇಟಿಗೆ ಬೇರೆ ವೈರ್ ಎಳೆದು ಚಾಸಿಸ್‌ಗೆ ಜೋಡಿಸಬೇಕು. ವಾಹನದ ಪ್ಲಾಸ್ಟಿಕ್ ಟ್ಯಾಂಕಿಗೆ ಪರೀಕ್ಷೆಯೂ ಕಠಿಣ. ವಿಶ್ವಸಂಸ್ಥೆಯ ವಾಹನ ನಿಯಮ 34ರ ಪ್ರಕಾರ ಅದನ್ನು ಮೈನಸ್ 40 ಡಿಗ್ರಿಗೆ ತಂಪು ಮಾಡಿ ಗುದ್ದುತ್ತಾರೆ, ಕೆಳಗೆ ಬೆಂಕಿ ಹಚ್ಚಿ ಸೋರುತ್ತಾ ನೋಡ್ತಾರೆ. ಬಂದರಿನ ಡ್ರಮ್ ಇದ್ಯಾವುದನ್ನೂ ನೋಡಿಲ್ಲ.

"ಹಾಗಾದ್ರೆ ಹಳೇದಕ್ಕೇ ವೆಲ್ಡಿಂಗ್ ಮಾಡಿಸ್ತೇನೆ" ಅನ್ನೋದು ಮುಂದಿನ ಮಾತು. ನಮ್ಮ ಪ್ರಕಾರ ಇದು ಡ್ರಮ್‌ಗಿಂತ ಅಪಾಯ. ಡೀಸೆಲ್ ಪೆಟ್ರೋಲ್ ಥರ ಹೊತ್ತಲ್ಲ ಅನ್ನೋ ಧೈರ್ಯ ಎಲ್ಲರಿಗೂ ಇದೆ. ನಮ್ಮ ದೇಶದ ಡೀಸೆಲ್‌ಗೆ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಇರಬೇಕು ಅಂತ ನಿಯಮ. ಗ್ಯಾಸ್ ವೆಲ್ಡಿಂಗ್ ಜ್ವಾಲೆ ತಾಗಿದ ತಗಡಿಗೆ 35 ಯಾವ ಲೆಕ್ಕ? ಖಾಲಿ ಟ್ಯಾಂಕಿನ ಗೋಡೆಗೆ ಅಂಟಿದ ತೆಳು ಡೀಸೆಲ್ ಆವಿಯಾಗಿ ಗಾಳಿ ಜೊತೆ ಸೇರಿದ್ರೆ ಆ ಟ್ಯಾಂಕ್ ಬಾಂಬ್. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯ ಅಂತ ವೆಲ್ಡರ್‌ಗಳು ಹೇಳೋದು ಇದಕ್ಕೇ. ಜಿಂಕ್ ಲೇಪದ ಜಿಐ ತಗಡಿನಲ್ಲಿ ಹೊಸ ಟ್ಯಾಂಕ್ ಮಾಡಿಸೋದೂ ಬೇಡ. ಡೀಸೆಲ್‌ನಲ್ಲಿರುವ ಆಮ್ಲದ ಅಂಶ ಜಿಂಕ್ ಜೊತೆ ಸೇರಿ ಸೋಪಿನಂಥ ಜಿಡ್ಡಾಗಿ ಫಿಲ್ಟರ್ ಕಟ್ಟುತ್ತೆ.

ಉಳಿದ ದಾರಿ ಒಂದೇ: ಅದೇ ಮಾಡೆಲ್‌ಗೆ ಕಂಪನಿ ಒಪ್ಪಿದ ಟ್ಯಾಂಕ್, ಪ್ಲಾಸ್ಟಿಕ್ ಇದ್ರೆ ಪ್ಲಾಸ್ಟಿಕ್, ಅದರ ಪಟ್ಟಿ, ಗೇಜ್, ಗಾಳಿ ಪೈಪ್ ಸಮೇತ. ಗೇಜ್ ಹಳೇದನ್ನೇ ಹಾಕಿದ್ರೆ ಟ್ಯಾಂಕಿನ ಆಕಾರ ಬದಲಾದದ್ದು ಅದಕ್ಕೆ ಗೊತ್ತಾಗಲ್ಲ, ಕಾಲು ಟ್ಯಾಂಕ್ ಇದೆ ಅಂತ ತೋರಿಸುತ್ತಲೇ ಗಾಡಿ ಘಾಟಿನ ನಡುವೆ ನಿಲ್ಲುತ್ತೆ. ಬಣ್ಣ ಕಪ್ಪು ಇರಲಿ, ಅದರಲ್ಲಿರುವ ಕಾರ್ಬನ್ ಬಿಸಿಲಿನಿಂದ ಪ್ಲಾಸ್ಟಿಕ್ಕನ್ನು ಕಾಪಾಡುತ್ತೆ. ಬೇರೆ ಏನೇ ಕಟ್ಟುವ ಮೊದಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸೋಕೆ ಅದು ಬಿಡಲ್ಲ.

ಹೊಸ ಪ್ಲಾಸ್ಟಿಕ್ ಟ್ಯಾಂಕಿನಲ್ಲೂ ನೀರು ಹನಿಯಾಗೋದು ನಿಲ್ಲಲ್ಲ. ತುಕ್ಕು ಕಾಣಲ್ಲ ಅಷ್ಟೇ, ನೀರು ಸೀದಾ ಫಿಲ್ಟರ್‌ಗೆ ಬರುತ್ತೆ. ಮಳೆಗಾಲದಲ್ಲಿ ರಾತ್ರಿ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿಡಿ, ಫಿಲ್ಟರ್ ಬುಡದ ತಿರುಪು ಸಡಿಲಿಸಿ ಒಂದು ಗ್ಲಾಸಿಗೆ ಹಿಡಿದು ನೋಡಿ. ತಳದಲ್ಲಿ ಬೇರೆಯಾಗಿ ನಿಂತಿರೋದು ನೀರು.