ಒಂದೇ ಗೋಧಿ, ಎರಡು ಬೆಲೆ

ಬಡಾವಣೆಯ ಹೆಸರೇ ಅನ್ನಪೂರ್ಣೇಶ್ವರಿ ನಗರ. ಅಲ್ಲಿನ ದಿನಸಿ ಅಂಗಡಿಯಲ್ಲಿ ನಾವು ಕೊಳ್ಳುವ ಗೋಧಿಯೇ ಪರದೇಶದವರಿಗೆ ನಮಗಿಂತ ಅಗ್ಗವಾಗಿ ಸಿಗುವುದುಂಟೆ? ಉಂಟು. ರಫ್ತು ಸಬ್ಸಿಡಿಯ ಮಹಿಮೆಯೇ ಅದು.

ಒಂದು ಲೆಕ್ಕ ಹಾಕೋಣ. ಕ್ವಿಂಟಲ್ ಗೋಧಿಗೆ ದೇಶದೊಳಗೆ 800 ರೂಪಾಯಿ, ವಿಶ್ವ ಮಾರುಕಟ್ಟೆಯಲ್ಲಿ 600 ರೂಪಾಯಿ ಎಂದುಕೊಳ್ಳಿ. ವ್ಯತ್ಯಾಸದ 200 ರೂಪಾಯಿಯನ್ನು ಸರ್ಕಾರ ಭರಿಸಿದರೆ ವ್ಯಾಪಾರಿ ನಷ್ಟವಿಲ್ಲದೆ ಹೊರಗೆ ಮಾರಬಲ್ಲ. ಹೀಗೆ ಹೆಚ್ಚು ಧಾನ್ಯ ಹೊರಹೋದಂತೆ ಒಳಗೆ ಬೆಲೆ ಏರುತ್ತದೆ, ಹೊರಗೆ ಇಳಿಯುತ್ತದೆ. ಆಗ ಪೈಪೋಟಿಯ ದೇಶಗಳೂ ತಮ್ಮ ಬೆಲೆ ಇಳಿಸಲೇಬೇಕಾಗುತ್ತದೆ.

ಐರೋಪ್ಯ ಸಮುದಾಯದ ಸಬ್ಸಿಡಿಗೆ ಎದುರಾಗಿ 1985ರಲ್ಲಿ ಅಮೆರಿಕವೂ ರಫ್ತು ಸಬ್ಸಿಡಿ ಯೋಜನೆ ಆರಂಭಿಸಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಪೆಟ್ಟು ತಿಂದದ್ದು ಅಂಥ ನೆರವಿಲ್ಲದ ಆಸ್ಟ್ರೇಲಿಯದ ರೈತ.

ನಮ್ಮ ದೇಶವೂ ಈ ದಾರಿ ತುಳಿದಿದೆ. 2002ರ ನಡುವೆ ಸರ್ಕಾರಿ ಗೋದಾಮುಗಳಲ್ಲಿ ಅಕ್ಕಿ, ಗೋಧಿಯ ದಾಸ್ತಾನು 6 ಕೋಟಿ ಟನ್ ದಾಟಿತ್ತು. ಕೊಂಡು, ಸಾಗಿಸಿ, ಕಾಪಿಟ್ಟ ಖರ್ಚಿಗಿಂತ ಕಡಿಮೆ ದರಕ್ಕೆ ಭಾರತೀಯ ಆಹಾರ ನಿಗಮ ಅದನ್ನು ರಫ್ತುದಾರರಿಗೆ ನೀಡಿತು. ಆ ವರ್ಷಗಳಲ್ಲೇ ಕರ್ನಾಟಕದಲ್ಲಿ ಬರ! ದರದ ಅಂತರವನ್ನು ತುಂಬಿದ್ದು ಬೊಕ್ಕಸ, ಅಂದರೆ ನಾವೇ.

ಕೃಷಿ ರಫ್ತು ಸಬ್ಸಿಡಿಗಳನ್ನು ಕೊನೆಗಾಣಿಸಲು ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರ ಡಿಸೆಂಬರ್‌ನಲ್ಲಿ ನೈರೋಬಿಯಲ್ಲಿ ಒಪ್ಪಿದವು.

ವಿದ್ಯಾರ್ಥಿಗಳೇ, ಅಗ್ಗದ ಧಾನ್ಯ ಕಂಡಾಗ ಒಂದು ಪ್ರಶ್ನೆ ಕೇಳಿ: ಉಳಿದ ಬೆಲೆ ತೆತ್ತವರು ಯಾರು? ಅರ್ಥಶಾಸ್ತ್ರದ ಅರ್ಧ ಪಾಠ ಅಲ್ಲೇ ಇದೆ.