ಮಂಜಿನ ಅಂಗಳಕ್ಕೆ ಹುಡುಗರು ಬೇಕಾಗಿದ್ದಾರೆ

2025ರ ಜನವರಿಯ ಒಂದು ಬೆಳಿಗ್ಗೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿ, ಮಗಳ ಮನೆಯ ಕಿಟಕಿಯ ಬಳಿ ಕಾಫಿ ಲೋಟ ಹಿಡಿದು ಕುಳಿತಿದ್ದೆ. ರಾತ್ರಿಯೆಲ್ಲ ಹಿಮ ಬಿದ್ದು ಅಂಗಳ ಬೆಳ್ಳಗಾಗಿತ್ತು. ಪಕ್ಕದ ಮನೆಯಿಂದ ಎತ್ತರದ ಹುಡುಗನೊಬ್ಬ ಸಲಿಕೆ ಹಿಡಿದು ಬಂದ. ತಮ್ಮ ಮನೆಯ ಮುಂದಿನ ಹಿಮ ಎತ್ತಿಹಾಕಿ, ಯಾರೂ ಹೇಳದಿದ್ದರೂ ನಮ್ಮ ಮನೆಯ ಮುಂದಿನದನ್ನೂ ತೆಗೆದುಹಾಕಿ, ನನ್ನ ಕಡೆ ಕೈಬೀಸಿ ಹೋದ.

“ಪಕ್ಕದ ಮನೆಯವರ ಮಗನೇನೋ?” ಎಂದು ಮೊಮ್ಮಗನನ್ನು ಕೇಳಿದೆ.

“ಅಲ್ಲ ತಾತ. ಅವನು ಅವರ ಮನೇಲಿ ಇರೋ ಹಾಕಿ ಹುಡುಗ. ಜೂನಿಯರ್ ಟೀಮಲ್ಲಿ ಆಡ್ತಾನೆ. ಕಾಲೇಜಿಗೆ ಕಾಯ್ತಿದಾನೆ.”

“ವಯಸ್ಸೆಷ್ಟು?”

“ಹತ್ತೊಂಬತ್ತು.”

ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಹತ್ತೊಂಬತ್ತಕ್ಕೆ ಬಿ.ಕಾಂ. ಮುಗಿಯುತ್ತ ಬಂದಿರುತ್ತದೆ. ಇವನು ಫೇಲಾಗಿದ್ದಾನೆಯೇ ಎಂದುಕೊಂಡೆ. ಮೊಮ್ಮಗ ನಕ್ಕು ಒಂದು ನೋಟ್‌ಬುಕ್ ತಂದು ತೋರಿಸಿದ. ಅದರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಐಸ್ ಹಾಕಿ ತಂಡಕ್ಕೆ ಮುಂದಿನ ವರ್ಷಗಳಲ್ಲಿ ಬರಲಿರುವ ಹುಡುಗರ ಪಟ್ಟಿ ಇತ್ತು. ಹೆಸರು, ಊರು, ಎತ್ತರ, ಈಗ ಆಡುತ್ತಿರುವ ಜೂನಿಯರ್ ತಂಡ, ಹೊಡೆದ ಗೋಲು, ಎಲ್ಲಕ್ಕೂ ಗೆರೆ ಹಾಕಿದ ಕಾಲಂ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಕಾಲಂ ಕಂಡರೆ ಕೈ ಸುಮ್ಮನಿರುತ್ತದೆಯೇ? ಅಂದಿನಿಂದ ಆ ಪುಸ್ತಕಕ್ಕೆ ನಾನೂ ಪಾಲುದಾರನಾದೆ.

ಶಾಲೆಗೂ ಕಾಲೇಜಿಗೂ ನಡುವೆ ಒಂದು ಹೊಸಿಲು

ಐಸ್ ಹಾಕಿ ನಮ್ಮ ಕೊಡಗಿನ ಹುಡುಗರು ಆಡುವ ಹಾಕಿಯಲ್ಲ. ಚೆಂಡಿನ ಬದಲು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ರಬ್ಬರ್ ಬಿಲ್ಲೆ. ಅದರ ಹೆಸರು ಪಕ್. ಮಂಜುಗಡ್ಡೆಯ ಅಂಗಳದಲ್ಲಿ ಒಂದೊಂದು ತಂಡಕ್ಕೆ ಗೋಲ್‌ಕೀಪರ್ ಸೇರಿ ಆರು ಜನ. ಇಪ್ಪತ್ತು ನಿಮಿಷದ ಮೂರು ಅವಧಿ. ಎಷ್ಟು ವೇಗವೆಂದರೆ ಆಟಗಾರರು ಮುಕ್ಕಾಲು ನಿಮಿಷ ಓಡಿದರೆ ಸಾಕು, ಬೇರೆಯವರು ಇಳಿಯುತ್ತಾರೆ, ಇವರು ಬೆಂಚಿಗೆ ಬಂದು ಏದುಸಿರು ಬಿಡುತ್ತಾರೆ.

ಈ ಆಟದಲ್ಲಿ ಹೈಸ್ಕೂಲ್ ಮುಗಿಸಿದ ಹುಡುಗ ನೇರವಾಗಿ ದೊಡ್ಡ ಕಾಲೇಜು ತಂಡಕ್ಕೆ ಹೋಗುವುದು ಕಡಿಮೆ. ಮೈ ಬಲಿತು ಆಟ ಮಾಗಲೆಂದು ಒಂದೆರಡು ವರ್ಷ ಜೂನಿಯರ್ ಲೀಗುಗಳಲ್ಲಿ ಆಡುತ್ತಾನೆ. ಇಲ್ಲಿ ಇಪ್ಪತ್ತು ವರ್ಷದವರೆಗೆ ಆಡಬಹುದು. ಅಮೆರಿಕದಲ್ಲಿ ಇವುಗಳಲ್ಲಿ ಮೇಲ್ಮಟ್ಟದ್ದು ಯುನೈಟೆಡ್ ಸ್ಟೇಟ್ಸ್ ಹಾಕಿ ಲೀಗ್. ವಾಟರ್‌ಲೂ, ಡುಬುಕ್, ಫಾರ್ಗೋ, ಗ್ರೀನ್ ಬೇಯಂಥ ಸಣ್ಣ ಊರುಗಳ ತಂಡಗಳು ಅದರಲ್ಲಿವೆ. ಮ್ಯಾಡಿಸನ್ನಿಗೂ ಕ್ಯಾಪಿಟಲ್ಸ್ ಎಂಬ ತಂಡವಿದೆ. ಒಂದು ಋತುವಿಗೆ 60ಕ್ಕೂ ಹೆಚ್ಚು ಪಂದ್ಯ. ಸಂಬಳವಿಲ್ಲ. ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ.

ಹದಿನಾರು, ಹದಿನೇಳರ ಹುಡುಗರು ಮನೆ ಬಿಟ್ಟು ನೂರಾರು ಮೈಲಿ ದೂರ ಬಂದರೆ ಉಳಿಯುವುದೆಲ್ಲಿ? ಅದಕ್ಕಾಗಿಯೇ ‘ಬಿಲೆಟ್ ಕುಟುಂಬ’ ಎಂಬ ಪದ್ಧತಿ ಇದೆ. ಊರಿನವರು ಒಬ್ಬ ಆಟಗಾರನಿಗೆ ಒಂದು ಕೋಣೆ ಬಿಟ್ಟುಕೊಟ್ಟು ಊಟ ಹಾಕುತ್ತಾರೆ. ನನಗೆ ತಕ್ಷಣ ನೆನಪಾದದ್ದು ನಮ್ಮ ವಾರಾನ್ನ. ನಮ್ಮ ತಂದೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಓದಿದವರು. ಅನ್ನ ಹಾಕಿದ ಮನೆಗೆ ಹಿತ್ತಲಿನ ಬಾವಿಯಿಂದ ನಾಲ್ಕು ಕೊಡ ನೀರು ಸೇದಿಕೊಡುತ್ತಿದ್ದರಂತೆ. ಆ ಹುಡುಗ ಹಿಮ ಎತ್ತುತ್ತಿದ್ದುದೂ ಅದೇ ಋಣಕ್ಕೆ ಎಂದು ಹೇಳಿದಾಗ ಮೊಮ್ಮಗ ಕಣ್ಣರಳಿಸಿದ.

ಗೋಲು ಒಂದೇ ಅಲ್ಲ

ಕ್ಯಾಪಿಟಲ್ಸ್ ತಂಡದ ಆಟವನ್ನು ನಾನು ನೋಡಿದ್ದು ಪಕ್ಕದ ಮಿಡಲ್ಟನ್ ಊರಿನ ಅಂಗಳದಲ್ಲಿ. ಅದಕ್ಕೆ ಬಾಬ್ ಸೂಟರ್ ಹೆಸರಿದೆ. ಅವರು ಮ್ಯಾಡಿಸನ್ನಿನವರು. 1980ರ ಫೆಬ್ರುವರಿ 22ರಂದು ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಬಲಿಷ್ಠ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ ಅಮೆರಿಕ ತಂಡದಲ್ಲಿದ್ದರು. ಆ ತಂಡದ ಹೆಚ್ಚಿನವರು ಕಾಲೇಜು ಆಟದಿಂದ ಬಂದ ಹುಡುಗರು. ಅಂದು ಎರಡು ಗೋಲು ಹೊಡೆದ ಮಾರ್ಕ್ ಜಾನ್ಸನ್ ಕೂಡ ಇದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು. ಮುಂದೆ ಅವರು ಇಲ್ಲಿನ ಮಹಿಳಾ ತಂಡದ ತರಬೇತುದಾರರಾಗಿ 2025ರವರೆಗೆ 8 ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದ್ದಾರೆ.

ಅಲ್ಲಿ ಮೇಲಿನ ಸಾಲಿನ ಮೂಲೆಯಲ್ಲಿ ಒಬ್ಬಂಟಿಯಾಗಿ ಕುಳಿತು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಒಬ್ಬರನ್ನು ಮೊಮ್ಮಗ ತೋರಿಸಿದ. ಯಾವುದೋ ಕಾಲೇಜಿನ ಸಹಾಯಕ ತರಬೇತುದಾರ. ಗೋಲಾದಾಗ ಎಲ್ಲರೂ ಎದ್ದು ಕೂಗಿದರೆ ಆತ ಅತ್ತ ನೋಡಲೇ ಇಲ್ಲ. ಪಕ್ ಇಲ್ಲದ ಹುಡುಗ ಎಲ್ಲಿಗೆ ಓಡುತ್ತಾನೆ, ತಪ್ಪು ಮಾಡಿದವನು ಬೆಂಚಿಗೆ ಬಂದು ಕೋಲು ಬಡಿಯುತ್ತಾನೋ ಪಕ್ಕದವನ ಬೆನ್ನು ತಟ್ಟುತ್ತಾನೋ ಎಂಬುದನ್ನು ನೋಡುತ್ತಿದ್ದ. ಇಂಥವರು ಬಿಲೆಟ್ ತಾಯಿಯನ್ನೂ ಮಾತನಾಡಿಸುತ್ತಾರೆ, ಶಾಲೆಯ ಅಂಕಪಟ್ಟಿಯನ್ನೂ ಕೇಳುತ್ತಾರೆ. ಅಂಕ ಸಾಲದಿದ್ದರೆ ಎಷ್ಟು ಗೋಲು ಹೊಡೆದರೂ ಕಾಲೇಜಿನ ಬಾಗಿಲು ತೆರೆಯದು. ವಿಸ್ಕಾನ್ಸಿನ್ ಪುರುಷರ ತಂಡಕ್ಕೆ 2023ರಲ್ಲಿ ಬಂದ ತರಬೇತುದಾರ ಮೈಕ್ ಹೇಸ್ಟಿಂಗ್ಸ್ ಸ್ವತಃ ಓಮಾಹಾ ಲ್ಯಾನ್ಸರ್ಸ್ ಎಂಬ ಜೂನಿಯರ್ ತಂಡವನ್ನು 14 ಋತು ನಡೆಸಿದವರು. ಎಲೆ ನೋಡಿಯೇ ಗಿಡದ ಬೇರು ಹೇಳಬಲ್ಲವರು.

ಸಹಿ ಇಲ್ಲದ ಚೆಕ್ಕು

ಹಿಂದೆ ಕಾಲೇಜುಗಳು ಮೀಸೆ ಮೂಡದ ಮಕ್ಕಳಿಂದಲೂ ಮಾತು ಪಡೆಯುತ್ತಿದ್ದವು. ಆಲಿವರ್ ವಾಲ್‌ಸ್ಟ್ರಾಮ್ ಎಂಬ ಹುಡುಗ 13ನೇ ವಯಸ್ಸಿಗೇ ಮೇಯ್ನ್ ವಿಶ್ವವಿದ್ಯಾಲಯಕ್ಕೆ ಬರುತ್ತೇನೆಂದಿದ್ದ. ಆಮೇಲೆ ಹಾರ್ವರ್ಡ್ ಎಂದ. ಕೊನೆಗೆ ಆಡಿದ್ದು ಬಾಸ್ಟನ್ ಕಾಲೇಜಿಗೆ. ಇಂಥವು ಹೆಚ್ಚಾದಾಗ 2019ರಲ್ಲಿ ನಿಯಮ ಬಿಗಿಯಾಯಿತು. ಹುಡುಗ ಹತ್ತನೇ ತರಗತಿಯಲ್ಲಿರುವಾಗ ಬರುವ ಜನವರಿ 1ರವರೆಗೆ ತರಬೇತುದಾರರು ಅವನೊಂದಿಗೆ ಮಾತನಾಡುವಂತಿಲ್ಲ. ಹನ್ನೊಂದನೇ ತರಗತಿಗೆ ಮುಂಚಿನ ಆಗಸ್ಟ್ 1ರವರೆಗೆ ‘ನಿನಗೆ ಜಾಗ ಕೊಡುತ್ತೇವೆ’ ಎನ್ನುವಂತಿಲ್ಲ.

ಆದರೆ ಹಾಗೆ ಕೊಟ್ಟ ಮಾತು ಬರೀ ಬಾಯಿಮಾತು. ಎರಡೂ ಕಡೆಯವರು ಬಿಡಬಹುದು. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ ಸಹಿ ಇಲ್ಲದ ಚೆಕ್ಕು. ಕೈಯಲ್ಲಿದ್ದಾಗ ಸಂತೋಷ, ಕೌಂಟರಿಗೆ ಹೋದಾಗ ಗೊತ್ತಾಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಕೆನಡಾದಲ್ಲಿ ಮೂರು ದೊಡ್ಡ ಜೂನಿಯರ್ ಲೀಗುಗಳಿವೆ. ಅಲ್ಲಿನ ಹುಡುಗರಿಗೆ ಸ್ವಲ್ಪ ಕೈಖರ್ಚಿನ ಹಣ ಸಿಗುತ್ತದೆ, ವೃತ್ತಿಪರ ಒಪ್ಪಂದ ಮಾಡಿಕೊಂಡವರೂ ಅಲ್ಲಿ ಆಡುತ್ತಾರೆ ಎಂಬ ಕಾರಣಕ್ಕೆ ಅವರನ್ನೆಲ್ಲ ವೃತ್ತಿಪರರೆಂದೇ ಎಣಿಸಿ ಅಮೆರಿಕದ ಕಾಲೇಜುಗಳು ಬಹುಕಾಲ ಸೇರಿಸಿಕೊಳ್ಳುತ್ತಿರಲಿಲ್ಲ. 2024ರ ನವೆಂಬರಿನಲ್ಲಿ ಆ ನಿಯಮ ತೆಗೆದುಹಾಕಿ, 2025ರ ಆಗಸ್ಟ್ 1ರಿಂದ ಅವರೂ ಬರಬಹುದು ಎಂದರು. ಯೂಕಾನ್ ಪ್ರಾಂತದ ಗ್ಯಾವಿನ್ ಮೆಕೆನ್ನಾ ಎಂಬ ಅಪ್ರತಿಮ ಹುಡುಗ ಮೆಡಿಸಿನ್ ಹ್ಯಾಟ್ ತಂಡ ಬಿಟ್ಟು ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆಂದಾಗ ಎರಡೂ ದೇಶಗಳಲ್ಲಿ ದೊಡ್ಡ ಸುದ್ದಿ.

ಬಾಗಿಲು ಅಗಲವಾಯಿತು, ಸರಿ. ಒಳಗಿನ ಕುರ್ಚಿಗಳು ಹೆಚ್ಚಾಗಲಿಲ್ಲವಲ್ಲ! ಆ ವರ್ಷದ ಮಾರ್ಚಿನಲ್ಲಿ ಪಕ್ಕದ ಮನೆಯ ಹುಡುಗನಿಗೆ ಒಂದು ಫೋನ್ ಬಂತು. ಹದಿನೇಳನೇ ವಯಸ್ಸಿನಿಂದ ಅವನಿಗೆ ಜಾಗ ಇಟ್ಟಿದ್ದೇವೆ ಎನ್ನುತ್ತಿದ್ದ ಕಾಲೇಜಿನವರು, ಬೇರೆ ಕಡೆ ನೋಡಿಕೋ ಎಂದರು. ಐದು ನಿಮಿಷದ ಮಾತು. ಬಿಲೆಟ್ ತಾಯಿ ಬೇಲಿಯ ಬಳಿ ನಿಂತು ನನ್ನ ಮಗಳಿಗೆ ಹೇಳುತ್ತ ಕಣ್ಣೊರೆಸಿಕೊಂಡರು. ಹುಡುಗ ಆ ರಾತ್ರಿ ಊಟ ಮಾಡಲಿಲ್ಲವಂತೆ. ಮರುದಿನ ಹಿಮ ಬಿದ್ದಿತ್ತು. ಎಂದಿನ ಹೊತ್ತಿಗೆ ಸಲಿಕೆ ಹಿಡಿದು ಬಂದ. ನಾನು ಕೋಟು ಹಾಕಿಕೊಂಡು ಹೊರಗೆ ಹೋಗಿ ಸುಮ್ಮನೆ ಪಕ್ಕದಲ್ಲಿ ನಿಂತೆ. ಹೇಳಲು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮಾತು ಸಿಗಲಿಲ್ಲ.

ಮೊಮ್ಮಗನ ಲೆಕ್ಕ

ಈ ಸಂಗತಿ ನಮ್ಮ ಮನೆಯೊಳಗೂ ಬಂತು. ಮೊಮ್ಮಗನಿಗೆ ಆಗ ಹದಿನಾಲ್ಕು. ಅವನೂ ಗೋಲ್‌ಕೀಪರ್. ಹದಿನಾರಕ್ಕೆ ಜೂನಿಯರ್ ತಂಡಕ್ಕೆ ಹೋಗಬೇಕೆಂಬ ಆಸೆ. “ಓದು ಎರಡು ವರ್ಷ ಹಿಂದಕ್ಕೆ ಬೀಳುತ್ತೆ, ಖಂಡಿತ ಬೇಡ” ಎಂದು ಮಗಳು. “ಪ್ರಯತ್ನ ಮಾಡಲಿ ಬಿಡು” ಎಂದು ಅಳಿಯ. ಊಟದ ಮೇಜಿನಲ್ಲಿ ಮಾತು ಬಿಸಿಯಾಯಿತು. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು.

ನನಗೆ ಗೊತ್ತಿರುವುದು ಲೆಕ್ಕ ಒಂದೇ. ಮೊಮ್ಮಗನನ್ನು ಕೂರಿಸಿಕೊಂಡು ಹಾಳೆ ತೆಗೆದೆ. ಮೊದಲ ದರ್ಜೆಯಲ್ಲಿ ಪುರುಷರ ಐಸ್ ಹಾಕಿ ಆಡುವ ಕಾಲೇಜುಗಳು 60ಕ್ಕೂ ಸ್ವಲ್ಪ ಹೆಚ್ಚು. ಒಂದು ತಂಡದಲ್ಲಿ ಸುಮಾರು 26 ಜನ. ನಾಲ್ಕು ವರ್ಷದ ಓದೆಂದರೆ ಪ್ರತಿವರ್ಷ ಖಾಲಿಯಾಗುವುದು ಆರೋ ಏಳೋ ಜಾಗ. ಗೋಲ್‌ಕೀಪರ್‌ಗಳು ಸಾಮಾನ್ಯವಾಗಿ ಮೂವರು, ಅಂದರೆ ವರ್ಷಕ್ಕೆ ಒಂದು ಜಾಗವೂ ಪೂರ್ತಿ ಇಲ್ಲ. ಇಡೀ ದೇಶಕ್ಕೆ ಐವತ್ತರ ಒಳಗೆ! ಮೊಮ್ಮಗ ಆ ಅಂಕಿಯ ಕೆಳಗೆ ತಾನೇ ಎರಡು ಗೆರೆ ಎಳೆದ.

ಆಗ ನನ್ನ ಸಹೋದ್ಯೋಗಿಯೊಬ್ಬರ ಕಥೆ ಹೇಳಿದೆ. ನಮ್ಮ ಕಾಲದಲ್ಲಿ ಬ್ಯಾಂಕುಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ನನ್ನ ಪಕ್ಕದ ಕೌಂಟರಿಗೆ ಹಾಗೆ ಬಂದವರು ಒಳ್ಳೆಯ ಹಾಕಿ ಆಟಗಾರ. ಹತ್ತು ವರ್ಷ ಅವರು ಮೈದಾನದಲ್ಲೇ ಇದ್ದರು, ಕೌಂಟರಿನಲ್ಲಿ ಅವರ ಕೆಲಸ ನಾವು ಮಾಡಿದೆವು. ಮೂವತ್ತೈದಕ್ಕೆ ಮಂಡಿ ಹೋಯಿತು. ಲೆಡ್ಜರಿನ ಮುಂದೆ ಬಂದು ಕುಳಿತಾಗ, ಆಗಷ್ಟೇ ಸೇರಿದ ಹುಡುಗರು ಅವರ ತಪ್ಪು ಕೂಡಿಕೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಅವರು ತಲೆ ತಗ್ಗಿಸಿ ಕೂತಿರುತ್ತಿದ್ದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ತಪ್ಪು ಅವರದಲ್ಲ, ಆಟದ ಅಲ್ಲ. ಆಟದ ಜೊತೆಗೆ ಇನ್ನೊಂದನ್ನು ಕಲಿಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

“ಇನ್ನೊಬ್ಬ ಗೋಲ್‌ಕೀಪರ್ ಕಥೆ ಹೇಳಲಾ ತಾತ?” ಎಂದ ಮೊಮ್ಮಗ. ಕೆನ್ ಡ್ರೈಡನ್ ಅವರದು. ಕೆನಡಾದವರು. 1964ರಲ್ಲೇ ವೃತ್ತಿಪರ ತಂಡವೊಂದು ಅವರ ಹಕ್ಕು ಪಡೆದಿತ್ತು. ಆದರೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಚರಿತ್ರೆ ಓದಿದರು. 1967ರಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಮುಂದೆ ಮಾಂಟ್ರಿಯಲ್ ತಂಡದಲ್ಲಿ 6 ಸ್ಟ್ಯಾನ್ಲಿ ಕಪ್ ಗೆದ್ದರು. ಆಡುತ್ತಲೇ ಕಾನೂನು ಓದಿದರು. ಹೆಸರು ತುತ್ತತುದಿಯಲ್ಲಿದ್ದಾಗ 1973-74ರ ಋತುವನ್ನು ಪೂರ್ತಿ ಬಿಟ್ಟು ವಕೀಲರ ಕಚೇರಿಯಲ್ಲಿ ತರಬೇತಿ ಪಡೆದರು. ಆಮೇಲೆ ಲೇಖಕರಾದರು, ಸಂಸದರಾದರು, ಕೇಂದ್ರ ಸಚಿವರೂ ಆದರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಕೆನಡಾ ದೇಶವೇ ಮರುಗಿತು.

ಎರಡು ಕಥೆಗಳನ್ನೂ ಎದುರುಬದುರಾಗಿ ಇಟ್ಟುಕೊಂಡು ಒಂದು ಒಪ್ಪಂದಕ್ಕೆ ಬಂದೆವು. ಹದಿನಾರಕ್ಕೆ ಜೂನಿಯರ್ ತಂಡ ಕರೆದರೆ ಆಗ ಯೋಚಿಸೋಣ. ಅಲ್ಲಿಯವರೆಗೆ ಗಣಿತದ ಹೋಂವರ್ಕ್ ಮುಗಿಯದೆ ಸ್ಕೇಟ್ ಕಟ್ಟುವಂತಿಲ್ಲ. ಮಗಳು ಪೂರ್ತಿ ಒಪ್ಪಲಿಲ್ಲ, ಆದರೆ ಸುಮ್ಮನಾದಳು.

ಪಟ್ಟಿಯಲ್ಲಿ ಹೊಸ ಹೆಸರು

ಪಕ್ಕದ ಮನೆಯ ಹುಡುಗ ಬೇಸಿಗೆಯಲ್ಲಿ ಇನ್ನೊಂದು ದಾರಿ ಕಂಡುಕೊಂಡ. ಮೂರನೇ ದರ್ಜೆಯ ಒಂದು ಪುಟ್ಟ ಕಾಲೇಜು ಕರೆಯಿತು. ಆ ದರ್ಜೆಯಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವಿಲ್ಲ. ಅಂಕ ಮತ್ತು ಮನೆಯ ಪರಿಸ್ಥಿತಿ ನೋಡಿ ಕೊಡುವ ನೆರವು ಮಾತ್ರ. ಅವನ ಅಂಕಗಳು ಚೆನ್ನಾಗಿದ್ದವು, ಅವೇ ಕೈಹಿಡಿದವು. ಟಿ.ವಿ.ಯಲ್ಲಿ ಅವನ ಆಟ ಬರುವುದಿಲ್ಲ. ಮೊದಲ ಗೋಲು ಹೊಡೆದ ದಿನ ಬಿಲೆಟ್ ತಾಯಿಗೆ ಫೋನ್ ಮಾಡಿದ. ಅವರು ಬೇಲಿಯ ಬಳಿ ಬಂದು, ಈ ಸಲ ನಗುತ್ತ, ನಮಗೆ ಹೇಳಿದರು.

ಈ ಚಳಿಗಾಲ ನಾನು ಮತ್ತೆ ಮ್ಯಾಡಿಸನ್ನಿಗೆ ಬಂದಿದ್ದೇನೆ. ಮೆಂಡೋಟಾ ಸರೋವರ ಹೆಪ್ಪುಗಟ್ಟಿದೆ. ಪಕ್ಕದ ಮನೆಗೆ ಹೊಸ ಹುಡುಗ ಬಂದಿದ್ದಾನೆ. ಹದಿನೇಳು ವರ್ಷ, ಮಾತು ಕಡಿಮೆ, ಮನೆಯ ನೆನಪು ಇನ್ನೂ ಮುಖದ ಮೇಲಿದೆ. ಮೊನ್ನೆ ಬೆಳಿಗ್ಗೆ ಹಿಮ ಬಿದ್ದಾಗ ಅವನಿಗೆ ಇನ್ನೂ ಇಲ್ಲಿನ ರೂಢಿ ತಿಳಿದಿರಲಿಲ್ಲ. ನಮ್ಮ ಮೊಮ್ಮಗನೇ ಸಲಿಕೆ ಹಿಡಿದು ಹೋಗಿ ಅವರ ಮನೆಯ ಮುಂದಿನ ಹಿಮ ತೆಗೆದುಬಂದ. ಕೈ ಉಜ್ಜಿಕೊಳ್ಳುತ್ತ ಒಳಬಂದವನು ನೋಟ್‌ಬುಕ್ ತೆರೆದು ಆ ಹುಡುಗನ ಹೆಸರು, ಊರು, ಎತ್ತರ ಬರೆದ. ಕಾಲೇಜು ಎಂಬ ಕಾಲಂ ಖಾಲಿ ಬಿಟ್ಟ.

“ಪೆನ್ಸಿಲ್‌ನಲ್ಲಿ ಬರಿ” ಎಂದೆ.

“ಗೊತ್ತು ತಾತ” ಎಂದ.